ಉತ್ತರ ಬರೆಯದೆ ಹೋದವರು

ಬಾಟಲಿ ಕಾರ್ಖಾನೆಯಲ್ಲಿ ಆಕೆಗೆ ಎರಡು ಹೆಸರು. ಎದುರಿಗೆ ಸಿಕ್ಕಾಗ ‘ಮೇಡಂ’, ಬೆನ್ನು ತಿರುಗಿದ ಮೇಲೆ ‘ಹೇಗನ್ಸುತ್ತೆ ಮೇಡಂ’. ಕುಲುಮೆಯ ಹತ್ತಿರ ಬೆವರು ಒರೆಸಿಕೊಳ್ಳುತ್ತಿದ್ದವನಾಗಲಿ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದವಳಾಗಲಿ, ಯಾರನ್ನು ಕಂಡರೂ “ಕೆಲ್ಸ ಹೇಗನ್ಸುತ್ತೆ?” ಎಂದು ಕೇಳದೆ ಅವರು ಮುಂದೆ ಹೋಗುತ್ತಿರಲಿಲ್ಲ. ಮೊದಮೊದಲು ಜನ ತಬ್ಬಿಬ್ಬಾದರು. ಅದುವರೆಗೆ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. “ಕೆಲ್ಸ ಕೆಲ್ಸದ ಥರಾನೇ ಅನ್ಸುತ್ತೆ” ಎಂದು ಯಾರೋ ಒಬ್ಬ ಕೊಟ್ಟ ಉತ್ತರ ಕಾರ್ಖಾನೆಯಲ್ಲೆಲ್ಲ ಹರಡಿ, ಸ್ವಲ್ಪ ಕಾಲ ಎಲ್ಲರೂ ಅದನ್ನೇ ಒಪ್ಪಿಸಿದರು. ಮೇಡಂ ನಕ್ಕರು, ಆದರೆ ಕೇಳುವುದನ್ನು ಬಿಡಲಿಲ್ಲ.

ಮನೆಯಲ್ಲಿ ಅವರನ್ನು ಮೇಡಂ ಎನ್ನುವವರು ಯಾರೂ ಇರಲಿಲ್ಲ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರಿಂದ ಸಾಕಿ ಬೆಳೆಸಿದ್ದು ಚಿಕ್ಕಮ್ಮ. ಚಿಕ್ಕಮ್ಮನದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ, ಇದ್ದ ಬಟ್ಟೆ ಸರಿಮಾಡುವ ಅಂಗಡಿ. ಉದ್ದವಿದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಕಿತ್ತುಹೋದ ಜಿಪ್ ಕೂರಿಸುವುದು. ಹುಡುಗಿ ಶಾಲೆಯಿಂದ ಬಂದು ಅಲ್ಲೇ ಸ್ಟೂಲಿನ ಮೇಲೆ ಕೂತು ಓದಿಕೊಳ್ಳುತ್ತಿದ್ದಳು. ಕಣ್ಣು ಪುಸ್ತಕದ ಮೇಲೆ, ಕಿವಿ ಗಿರಾಕಿಗಳ ಮೇಲೆ. ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದವರು ಸೊಸೆಯ ವಿಷಯ, ಬಾಸಿನ ವಿಷಯ, ಅಣ್ಣ ತಮ್ಮಂದಿರ ವ್ಯಾಜ್ಯದ ವಿಷಯ ಎಲ್ಲವನ್ನೂ ಬಿಚ್ಚಿಟ್ಟು ಹಗುರಾಗಿ ಹೋಗುತ್ತಿದ್ದರು. ಮುಂದೆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದಾಗ, ಆಸ್ಪತ್ರೆಯಲ್ಲೊಂದು ಕೋಣೆ, ಎರಡು ಕುರ್ಚಿ, ಒಂದು ಗಿಡ, ಹೀಗೆ ತನ್ನ ಬದುಕನ್ನು ಅವಳು ಕಲ್ಪಿಸಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಜಾಗ ಖಾಲಿ ಇರಲಿಲ್ಲ. ಬಾಟಲಿ ಕಾರ್ಖಾನೆಯಲ್ಲಿ ಇತ್ತು.

“ನೀನೀಗ ಡಾಕ್ಟ್ರಾ?” ಎಂದು ಕೇಳಿದ್ದರು ಚಿಕ್ಕಮ್ಮ.

“ಅಲ್ಲ ಚಿಕ್ಕಮ್ಮ.”

“ಟೀಚರ್ರಾ?”

“ಅದೂ ಅಲ್ಲ.”

“ಮತ್ತೆ ಬಾಟ್ಲಿ ಮಾಡೋ ಜಾಗದಲ್ಲಿ ನಿಂಗೇನು ಕೆಲ್ಸ?”

“ಬಾಟ್ಲಿ ಮಾಡೋರು ಒಬ್ಬರ ಜುಟ್ಟು ಒಬ್ಬರು ಹಿಡೀದ ಹಾಗೆ ನೋಡ್ಕೊಳ್ಳೋದು.”

ಚಿಕ್ಕಮ್ಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು, “ಅದಕ್ಕೂ ಸಂಬಳ ಕೊಡ್ತಾರಾ? ನಿಮ್ಮ ಚಿಕ್ಕಪ್ಪನ ಮನೇಲಿ ನಾನು ಅದನ್ನ ಬಿಟ್ಟಿ ಮಾಡ್ದೆ” ಎಂದರು.

ಮೇಡಂ ಅವರ ಗಂಡನದು ಹಲ್ಲಿನ ಕೆಲಸ. ವೈದ್ಯನಲ್ಲ, ವೈದ್ಯರು ಕಳಿಸಿದ ಅಚ್ಚಿಗೆ ಸರಿಯಾಗಿ ಕೃತಕ ಹಲ್ಲಿನ ಸೆಟ್ಟು ಮಾಡುವವನು. ಊಟದ ಮೇಜಿನ ಮೇಲೂ ಒಂದೊಂದು ದಿನ ಯಾರದೋ ದವಡೆ ಇರುತ್ತಿತ್ತು. ಮಾತು ಕಡಿಮೆ, ನಗು ಜಾಸ್ತಿ. ಮಕ್ಕಳಿರಲಿಲ್ಲ. ಇಬ್ಬರೂ ಅದನ್ನು ಒಂದು ಕಾಲದಲ್ಲಿ ಹಚ್ಚಿಕೊಂಡು, ಆಮೇಲೆ ಬಿಟ್ಟುಬಿಟ್ಟಿದ್ದರು.

ಕಾರ್ಖಾನೆಯಲ್ಲಿ ಜಗಳಕ್ಕೆ ಬರವಿರಲಿಲ್ಲ. ಅಲ್ಲಿ ಎರಡು ಲೋಕಗಳಿದ್ದವು. ಒಂದಕ್ಕೆ ‘ಬಿಸಿ ಕಡೆ’ ಎನ್ನುತ್ತಿದ್ದರು. ಕುಲುಮೆಯಿಂದ ಕರಗಿದ ಗಾಜು ಜೇನಿನ ಹಾಗೆ ಇಳಿದು, ಕತ್ತರಿಗೆ ಸಿಕ್ಕಿ ತುಂಡಾಗಿ, ಕಬ್ಬಿಣದ ಅಚ್ಚಿನೊಳಗೆ ಬಿದ್ದು, ಗಾಳಿ ತುಂಬಿಸಿಕೊಂಡು ಕೆಂಪು ಕೆಂಪು ಬಾಟಲಿಯಾಗಿ ಹೊರಬರುವುದು ಅಲ್ಲಿ. ಗದ್ದಲ ಎಷ್ಟೆಂದರೆ ಕೈಸನ್ನೆಯಲ್ಲೇ ಮಾತು. ಅಲ್ಲಿಂದ ಬಾಟಲಿಗಳು ಸಾಲುಗಟ್ಟಿ ಒಂದು ಉದ್ದನೆಯ ಒಲೆಯೊಳಗೆ ಹೋಗಿ, ನಿಧಾನವಾಗಿ ತಣಿದು, ತುಂಬ ಹೊತ್ತಿನ ಮೇಲೆ ಇನ್ನೊಂದು ತುದಿಯಲ್ಲಿ ಹೊರಬರುತ್ತಿದ್ದವು. ಆ ತುದಿ ‘ತಣ್ಣನೆ ಕಡೆ’. ಅಲ್ಲಿ ಬಿಳಿ ಬೆಳಕಿನ ಪರದೆಯ ಮುಂದೆ ಕೂತವರು ಹಾದುಹೋಗುವ ಪ್ರತಿ ಬಾಟಲಿಯನ್ನೂ ಕಣ್ಣಿನಲ್ಲೇ ಜರಡಿ ಹಿಡಿಯುತ್ತಿದ್ದರು. ಕತ್ತಿನಲ್ಲಿ ಬಿರುಕು, ಹೊಟ್ಟೆಯಲ್ಲಿ ಗುಳ್ಳೆ, ತೆಳುವಾದ ತಳ. ಕೆಟ್ಟದ್ದನ್ನು ಎತ್ತಿ ತೊಟ್ಟಿಗೆ ಎಸೆದರೆ ಫಳಾರ್!

ತಪ್ಪಾದದ್ದು ಬಿಸಿ ಕಡೆ, ಕಂಡದ್ದು ತಣ್ಣನೆ ಕಡೆ, ನಡುವೆ ಆ ಒಲೆ. ಒಂದು ಬಿರುಕು ಕಣ್ಣಿಗೆ ಬೀಳುವಷ್ಟರಲ್ಲಿ ಅದೇ ಬಿರುಕಿನ ಇನ್ನೊಂದು ರಾಶಿ ಬಾಟಲಿ ಒಲೆಯೊಳಗೆ ನಡೆದು ಬರುತ್ತಿರುತ್ತಿತ್ತು. ತಣ್ಣನೆಯವರು ಬಿಸಿಯವರಿಗೆ “ಕುರುಡರು” ಎನ್ನುತ್ತಿದ್ದರು. ಬಿಸಿಯವರು ತಣ್ಣನೆಯವರಿಗೆ “ನೆರಳಲ್ಲಿ ಕೂತು ತಪ್ಪು ಹುಡುಕೋ ಅತ್ತೆಯಂದಿರು” ಎನ್ನುತ್ತಿದ್ದರು. ಒಂದು ಬೆಳಿಗ್ಗೆ ತಣ್ಣನೆ ಕಡೆಯ ಹೆಂಗಸೊಬ್ಬಳು ಕೆಟ್ಟ ಬಾಟಲಿಗಳ ಬುಟ್ಟಿಯನ್ನೇ ಹೊತ್ತು ತಂದು ಬಿಸಿ ಕಡೆಯವರ ಕಾಲ ಬುಡದಲ್ಲಿ ಸುರಿದಳು. ಅಲ್ಲಿಂದ ಎಣ್ಣೆಯ ಚಿಂದಿಯೊಂದು ಹಾರಿ ಬಂದು ಅವಳ ಮುಖಕ್ಕೆ ಬಡಿಯಿತು. ಅರ್ಧ ದಿನ ಕೆಲಸ ನಿಂತಿತು.

ಮ್ಯಾನೇಜರು ಮೇಡಂ ಅವರನ್ನು ಕರೆಸಿದರು. ಆಳು ದಪ್ಪ, ಸ್ವರ ಸಣ್ಣ. “ಏನಾದ್ರೂ ಮಾಡಿ. ಅದಕ್ಕೇ ಅಲ್ವಾ ನೀವಿರೋದು?”

ಅಷ್ಟು ವರ್ಷ ಕೆಲಸಕ್ಕೆ ಸೇರುವವರಿಗೆ ಪರೀಕ್ಷೆ ಕೊಡುವುದು, ರಜೆಯ ತಕರಾರು ಕೇಳುವುದು ಇಷ್ಟರಲ್ಲೇ ಇದ್ದ ಮೇಡಂ ಈ ಮಾತಿಗಾಗಿಯೇ ಕಾದಿದ್ದರು. ಹಳೆಯ ಪುಸ್ತಕಗಳ ಧೂಳು ಕೊಡವಿದರು. ಕೊನೆಗೆ ಅವರು ಕಟ್ಟಿದ ಉಪಾಯ ಹೀಗಿತ್ತು. ವಾರಕ್ಕೊಮ್ಮೆ, ಪಾಳಿ ಶುರುವಾಗುವ ಮುಂಚೆ, ಎರಡೂ ಕಡೆಯವರು ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರಬೇಕು. ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು, ಆದರೆ ಬೈಗುಳವಾಗಿ ಅಲ್ಲ. ‘ನೀವು ಹೀಗೆ ಮಾಡಿದಾಗ ನನಗೆ ಹೀಗನ್ನಿಸುತ್ತದೆ’ ಎಂಬ ವಾಕ್ಯದಲ್ಲೇ ಹೇಳಬೇಕು.

ಕಾರ್ಖಾನೆಯಲ್ಲಿ ಎರಡು ಕುಲುಮೆ, ಎರಡು ಸಾಲು. “ಒಂದೇ ಸಾಲಿನವರಿಗೆ ಮಾಡೋಣ ಸಾರ್” ಎಂದರು ಮೇಡಂ.

“ಇನ್ನೊಂದು ಸಾಲಿನವರೇನು ಪಾಪ ಮಾಡಿದ್ರು?”

“ಹೋಲಿಸಿ ನೋಡೋಕೆ ಬೇಕಲ್ಲ. ಎಲ್ಲರಿಗೂ ಮಾಡಿಬಿಟ್ರೆ, ಒಳ್ಳೇದಾದ್ರೆ ಅದು ನಮ್ಮಿಂದ ಆಯ್ತೋ ತಾನಾಗೇ ಆಯ್ತೋ ಗೊತ್ತಾಗಲ್ಲ.”

ಮ್ಯಾನೇಜರಿಗೆ ಅದು ಸರಿ ಎನ್ನಿಸಿತು. ಎರಡು ಚೀಟಿ ಮಡಚಿ ಅವರ ಹೆಲ್ಮೆಟ್ಟಿಗೇ ಹಾಕಿ ಎತ್ತಿದಾಗ ಮೊದಲನೇ ಸಾಲು ಬಂತು. ಶುರು ಮಾಡುವ ಮುಂಚೆ ಎರಡೂ ಸಾಲಿನವರಿಗೆ ಒಂದು ಪ್ರಶ್ನೆಪತ್ರ. ಕೆಲಸ ಇಷ್ಟವೇ, ಇನ್ನೊಂದು ಕಡೆಯವರ ಮೇಲೆ ನಂಬಿಕೆ ಇದೆಯೇ ಇತ್ಯಾದಿ. ಜನ ಹೆದರಬಾರದೆಂದು ಹೆಸರು ಬರೆಸಲಿಲ್ಲ. ಎಲ್ಲ ಮುಗಿದ ಮೇಲೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳುವುದೆಂದು ಗೊತ್ತುಮಾಡಿದರು.

ಮೊದಲ ಸಭೆ ನಗೆಪಾಟಲಾಯಿತು. ಬಿಸಿ ಕಡೆಯ ಹಿರಿಯನನ್ನು ಎಲ್ಲರೂ ‘ಮಾವ’ ಎನ್ನುತ್ತಿದ್ದರು. ಬೂದು ಮೀಸೆ, ಮೊಣಕೈವರೆಗೆ ಸುಟ್ಟ ಕಲೆಗಳು. ಅವನು ಎದ್ದು ನಿಂತು, ಪಾಠ ಒಪ್ಪಿಸುವವನಂತೆ ಹೇಳಿದ: “ನೀವು ನಮ್ಮ ಬಾಟ್ಲಿ ಒಡೆದಾಗ ನನಗೆ ನಿಮ್ಮ ತಲೆ ಒಡೀಬೇಕು ಅನ್ನಿಸುತ್ತದೆ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಂ ಕೂಡ. ವಾಕ್ಯವಂತೂ ಅವರು ಹೇಳಿಕೊಟ್ಟ ಹಾಗೇ ಇತ್ತು.

ಆಮೇಲಿನ ಸಭೆಯೊಂದರಲ್ಲಿ ಮಾತ್ರ ನಿಜವಾದ ಮಾತು ಬಂತು ಎಂದು ಮೇಡಂಗೆ ಅನ್ನಿಸಿತು. ತಣ್ಣನೆ ಕಡೆ ಒಬ್ಬಳು ಹೆಂಗಸಿದ್ದಳು, ಅಡ್ಡಹೆಸರು ಹದ್ದುಗಣ್ಣಿ. ಉಳಿದವರು ಬಿಟ್ಟದ್ದು ಅವಳ ಕಣ್ಣಿಗೆ ಬೀಳುತ್ತಿತ್ತು. ಬಾಯಿ ಮಾತ್ರ ಇಲ್ಲವೇನೋ ಎಂಬಂತೆ ಇರುತ್ತಿದ್ದಳು. ಮೇಡಂ ಅವಳ ಕಡೆ ತಿರುಗಿ, “ನೀವೂ ಹೇಳಿ. ಇಲ್ಲಿ ಯಾರೂ ಏನೂ ಅಂದ್ಕೊಳ್ಳಲ್ಲ” ಎಂದರು. ಅವಳು ತಲೆಯಾಡಿಸಿದಳು. ಮೇಡಂ ಬಿಡಲಿಲ್ಲ, ಮೆಲ್ಲಗೆ, ಪ್ರೀತಿಯಿಂದಲೇ ಒತ್ತಾಯ ಮಾಡಿದರು. ಕೊನೆಗೆ ಹದ್ದುಗಣ್ಣಿ ನೆಲ ನೋಡುತ್ತ ಹೇಳಿದಳು: “ಕತ್ತಿನ ಬಿರುಕು ಜಾಸ್ತಿ ಬರೋದು ಮಾವನ ಮಿಷನ್ನಿಂದ. ಅಚ್ಚು ಬದಲಾಯ್ಸಿ ಅಂತ ಹೇಳಿ ಕಳಿಸಿದ್ರೂ, ಟೀ ಆಗೋವರೆಗೆ ಅವರು ಏಳಲ್ಲ. ಆಗ... ಆಗ ನನಗೆ ಬೇಜಾರನ್ನಿಸುತ್ತೆ.”

ಮಾವ ಮೀಸೆ ನೇವರಿಸಿಕೊಂಡು, “ಆಯ್ತಮ್ಮ” ಎಂದಷ್ಟೇ ಹೇಳಿದ. ಮೇಡಂ ಅಂದು ಮನೆಗೆ ಬಂದು ಗಂಡನ ಮುಂದೆ ಆ ಸಭೆಯನ್ನು ಬಾಯ್ತುಂಬ ಹೊಗಳಿದರು. “ಬಾಯೇ ಬಿಡದವಳು ಬಾಯಿ ಬಿಟ್ಳು ಕಣ್ರಿ. ಅವನೂ ಸಿಟ್ಟಾಗಲಿಲ್ಲ!”

ಕೆಲವು ತಿಂಗಳಿಗೆ ಸಭೆಗಳು ಮುಗಿದವು. ಮತ್ತೆ ಪ್ರಶ್ನೆಪತ್ರ ಹಂಚಿದರು. ಉತ್ತರಗಳನ್ನು ಕೂಡಿಸಿ ನೋಡಿದರೆ ಮೊದಲನೇ ಸಾಲಿನವರ ನೆಮ್ಮದಿ, ನಂಬಿಕೆ ಎರಡೂ ಎದ್ದು ಕಾಣುವಷ್ಟು ಏರಿದ್ದವು. ಎರಡನೇ ಸಾಲು ಇದ್ದಲ್ಲೇ ಇತ್ತು. ಕೆಟ್ಟ ಬಾಟಲಿಗಳ ರಾಶಿ ಮಾತ್ರ ಎರಡೂ ಕಡೆ ಕರಗಿರಲಿಲ್ಲ. ಅದು ಮೇಡಂ ಮನಸ್ಸಿನಲ್ಲಿ ಸ್ವಲ್ಪ ಚುಚ್ಚಿತು. “ಮನಸ್ಸು ಮೊದಲು ಸರಿಹೋಗುತ್ತೆ, ಬಾಟ್ಲಿ ಆಮೇಲೆ” ಎಂದರು ಮ್ಯಾನೇಜರು. ಅವರ ಸಣ್ಣ ಸ್ವರದಲ್ಲಿ ಅಷ್ಟು ಸಂಭ್ರಮವನ್ನು ಮೇಡಂ ಕೇಳಿಯೇ ಇರಲಿಲ್ಲ. ಮುಖ್ಯ ಕಚೇರಿಗೆ ಸುದ್ದಿ ಹೋಯಿತು. ಕಂಪನಿಯ ಎಲ್ಲ ಕಾರ್ಖಾನೆಗಳಲ್ಲೂ ಇದನ್ನು ನಡೆಸುವುದೆಂದೂ ಮೇಡಂ ಅವರನ್ನೇ ಅದರ ಮುಖ್ಯಸ್ಥೆಯಾಗಿ ಕರೆಸಿಕೊಳ್ಳುವುದೆಂದೂ ಮಾತಾಯಿತು. ಮೊದಲು ಅವರು ಬಂದು ಎಲ್ಲ ಕಾರ್ಖಾನೆಯವರೆದುರು ವಿವರಿಸಬೇಕಿತ್ತು.

ಚಿಕ್ಕಮ್ಮನಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗುತ್ತಿತ್ತು. ಕಣ್ಣು ಚೆನ್ನಾಗೇ ಇದೆ, ಸೂಜಿ ಮಾಡುವವರೇ ಈಗ ತೂತು ಸಣ್ಣ ಮಾಡುತ್ತಾರೆ ಎಂಬುದು ಅವರ ವಾದ. ಒಂದು ರಜೆಯ ದಿನ ಮೇಡಂ ಅವರನ್ನು ಪೇಟೆಯ ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದರು. ಕನ್ನಡಿಗಳ ಹಿಂದೆ, ಸಣ್ಣ ದೀಪದ ಕೆಳಗೆ, ಒಂದೊಂದೇ ಗಾಜನ್ನು ಎತ್ತಿ ಗೀರು ಇದೆಯೋ ಎಂದು ನೋಡುತ್ತ ಕೂತಿದ್ದವಳು ಹದ್ದುಗಣ್ಣಿ.

“ಅರೆ, ನೀವಿಲ್ಲಿ?” ಎಂದರು ಮೇಡಂ.

ಅವಳು ಎದ್ದು ನಿಂತಳು. “ಬಿಟ್ಬಿಟ್ಟೆ ಮೇಡಂ. ಆಗಲೇ ತುಂಬ ದಿನ ಆಯ್ತು.”

ಮೇಡಂಗೆ ಅದು ಗೊತ್ತೇ ಇರಲಿಲ್ಲ. ಕಾರ್ಖಾನೆಗೆ ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ಆ ಕಾಗದಗಳೆಲ್ಲ ಬೇರೆ ಮೇಜಿನಲ್ಲಿ ಓಡಾಡುತ್ತವೆ. “ಯಾಕೆ? ಸಂಬಳ ಇಲ್ಲಿ ಜಾಸ್ತಿನಾ?”

“ಕಡಿಮೆ.” ಹದ್ದುಗಣ್ಣಿ ಕೈಯಲ್ಲಿದ್ದ ಗಾಜನ್ನು ಬಟ್ಟೆಯಿಂದ ಒರೆಸಿದಳು, ಮತ್ತೆ ಒರೆಸಿದಳು. “ಅವತ್ತು ಮೀಟಿಂಗಲ್ಲಿ ಮಾತಾಡಿದ್ನಲ್ಲ. ಮಾರನೇ ದಿನದಿಂದ ಕಂಪನಿ ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ನಮಸ್ಕಾರ ಅಂದ್ರೆ ಗೋಡೆಗೆ ಹೇಳಿದ ಹಾಗೆ. ನಮ್ಮ ಕಡೆಯವರೂ ಅಷ್ಟೇ, ನನ್ನ ಜೊತೆ ಕಾಣಿಸ್ಕೊಂಡ್ರೆ ಅವರಿಗೂ ತೊಂದ್ರೆ ಅಂತ ದೂರ ಆದ್ರು. ಬೈದಿದ್ರೆ ತಡ್ಕೋಬಹುದಿತ್ತು ಮೇಡಂ. ಯಾರೂ ಬೈಯಲಿಲ್ಲ.”

“ನನಗೆ ಹೇಳಬಹುದಿತ್ತಲ್ಲ?”

ಹದ್ದುಗಣ್ಣಿ ಗಾಜನ್ನು ಕೆಳಗಿಟ್ಟಳು. ಬೇಸರವಿಲ್ಲದ ಮುಖದಲ್ಲೇ, “ಇಲ್ಲಿ ಚೆನ್ನಾಗಿದೆ ಬಿಡಿ. ಇಲ್ಲಿ ತಪ್ಪು ಕಂಡುಹಿಡಿದ್ರೆ ಗಿರಾಕಿಗಳು ಥ್ಯಾಂಕ್ಸ್ ಹೇಳ್ತಾರೆ” ಎಂದಳು. ಆಮೇಲೆ ಚಿಕ್ಕಮ್ಮನನ್ನು ಕೂರಿಸಿ, ಚೌಕಟ್ಟುಗಳನ್ನು ಒಂದೊಂದಾಗಿ ತೊಡಿಸಿ ತೋರಿಸಿದಳು. ಚಿಕ್ಕಮ್ಮ ಎಲ್ಲದರಲ್ಲೂ ತಾನು ಗೂಬೆಯ ಹಾಗೆ ಕಾಣುತ್ತೇನೆಂದು ತಕರಾರು ತೆಗೆದರು. ಮೇಡಂ ಕೊನೆಗೆ ತೊಡಿಸಿದ್ದಕ್ಕೇ ದುಡ್ಡು ಕೊಟ್ಟು ಚಿಕ್ಕಮ್ಮನನ್ನು ಎಬ್ಬಿಸಿದರು.

ಬಸ್ಸಿನಲ್ಲಿ ವಾಪಸಾಗುವಾಗ ಇನ್ನೊಂದು ವಿಷಯ ಹೊಳೆಯಿತು. ಎರಡನೇ ಪ್ರಶ್ನೆಪತ್ರಕ್ಕೆ ಉತ್ತರ ಬರೆದವರು ಯಾರು? ಉಳಿದವರು. ಹದ್ದುಗಣ್ಣಿ ಬರೆಯಲಿಲ್ಲ, ಅವಳು ಆಗ ಅಲ್ಲಿರಲೇ ಇಲ್ಲ. ಅವಳ ಕುರ್ಚಿಯಲ್ಲಿ ಆಗಷ್ಟೇ ಸೇರಿದ ಯಾರೋ ಕೂತು, ಹೊಸ ಕೆಲಸದ ಹುರುಪಿನಲ್ಲಿ ‘ತುಂಬ ನೆಮ್ಮದಿ’ ಎಂದು ಬರೆದಿರಬೇಕು. ನೊಂದವರು ಹೊರಗೆ ಹೋದರೆ ಒಳಗಿನ ಸರಾಸರಿ ತಾನಾಗಿ ಏರುತ್ತದೆ. ಹೆಸರು ಬರೆಸದೆ ಇದ್ದದ್ದರಿಂದ, ಮೊದಲು ಬರೆದವರೇ ಆಮೇಲೆಯೂ ಬರೆದರೋ ಇಲ್ಲವೋ ಎಂದು ನೋಡುವ ದಾರಿಯನ್ನೂ ಅವರೇ ಮುಚ್ಚಿಕೊಂಡಿದ್ದರು.

“ಏನೇ ಅದು, ಮುಖ ಹಾಗೆ ಬಿಳಿಚಿಕೊಂಡಿದೆ?” ಎಂದರು ಚಿಕ್ಕಮ್ಮ.

“ಏನಿಲ್ಲ. ಲೆಕ್ಕ ತಪ್ಪಿದೆ.”

ಮರುದಿನ ಆ ಬೇರೆ ಮೇಜಿಗೆ ಹೋಗಿ ವಿಚಾರಿಸಿದರು. ಆ ತಿಂಗಳುಗಳಲ್ಲಿ ಎರಡನೇ ಸಾಲಿನಿಂದ ಕೆಲಸ ಬಿಟ್ಟವರು ಇಲ್ಲವೆನ್ನುವಷ್ಟು ಕಡಿಮೆ. ಮೊದಲನೇ ಸಾಲಿನಿಂದ ಒಂದು ಬೆಂಚು ತುಂಬುವಷ್ಟು ಜನ ಹೋಗಿದ್ದರು. ಮೇಡಂ ಅವರನ್ನೆಲ್ಲ ಹುಡುಕಿಕೊಂಡು ಹೊರಟರು. ಎಲ್ಲರೂ ಸಭೆಯಿಂದಲೇ ಬಿಟ್ಟವರಲ್ಲ. ಒಬ್ಬನಿಗೆ ಮಂಡಿನೋವು, ನಿಂತು ಕೆಲಸ ಮಾಡಲಾಗದೆ ಬಿಟ್ಟಿದ್ದ. “ನಿಮ್ಮ ಮೀಟಿಂಗು ಒಳ್ಳೇದಿತ್ತು, ಕೂತ್ಕೋಬಹುದಿತ್ತು” ಎಂದ. ಒಬ್ಬಳು ಗಂಡನ ಊರಿಗೆ ಹೋಗಿದ್ದಳು, ಸಿಗಲಿಲ್ಲ. ಉಳಿದವರು ಮೊದಲು ಅದೂ ಇದೂ ಹೇಳಿ, ಆಮೇಲೆ ಹದ್ದುಗಣ್ಣಿಯದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ಬಿಸಿ ಕಡೆಯವನೊಬ್ಬನಂತೂ ಬಾಗಿಲಲ್ಲೇ ನಿಲ್ಲಿಸಿ, “ಮತ್ತೆ ಹೇಗನ್ಸುತ್ತೆ ಅಂತ ಕೇಳೋಕೆ ಬಂದ್ರಾ?” ಎಂದು ಕೇಳಿ ಬಾಗಿಲು ಹಾಕಿಕೊಂಡ.

ಕೊನೆಗೆ ಮಾವನ ಹತ್ತಿರ ಹೋದರು. ಊಟದ ಬಿಡುವಿನಲ್ಲಿ ಅವನು ಹಿಂದಿನ ಅಂಗಳದಲ್ಲಿ, ಪುಡಿಗಾಜಿನ ಗುಡ್ಡೆಯ ಪಕ್ಕದ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ.

“ಹದ್ದುಗಣ್ಣಿ ಯಾಕೆ ಬಿಟ್ಟಳು ಗೊತ್ತಾ?”

“ನಾನೇನು ಮಾಡ್ದೆ? ಒಂದು ಕೆಟ್ಟ ಮಾತಾಡಿದ್ರೆ ಹೇಳಿ.”

“ಏನೂ ಮಾತಾಡಲಿಲ್ಲ. ಅದೇ ಅಲ್ವಾ?”

“ಮಾತಾಡ್ದೇ ಇರೋದೂ ತಪ್ಪಾ?” ಎಂದ. ಆಮೇಲೆ ದನಿ ಬದಲಾಯಿತು. “ನೋಡಿ ಮೇಡಂ, ಆ ಮಿಷನ್ ಬಿಟ್ಟು ಟೀಗೆ ಮುಂಚೆ ಏಳೋಕಾಗಲ್ಲ. ನನ್ನ ಜಾಗದಲ್ಲಿ ನಿಂತು ಕೈ ಬದಲಾಯ್ಸೋರು ಬರೋದೇ ಟೀ ಹೊತ್ತಿಗೆ. ಅದನ್ನ ನಾನು ಹೇಳಬಹುದಿತ್ತು. ಆದ್ರೆ ಅಷ್ಟು ಜನರ ಮುಂದೆ, ನಾನೇ ಕೆಲಸ ಕಲಿಸಿದವರ ಮುಂದೆ, ನನ್ನ ಹೆಸರು ಹಿಡಿದು ಹೇಳಿದ ಮೇಲೆ ಏನಂತ ಬಾಯಿ ಬಿಡ್ಲಿ? ನನ್ನ ಮಾನ ಹೋಗಿದ್ದು ಅವಳಿಂದ ಅಲ್ಲ. ಅವಳಿಗೆ ಹೇಳು ಹೇಳು ಅಂತ ಹಿಂದೆ ಬಿದ್ದದ್ದು ನೀವು. ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋಕಾಗುತ್ತಾ? ನೀವು ಮೇಡಂ. ಅವಳ ಮೇಲಾಗುತ್ತೆ.”

ಮೇಡಂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಮಾವ ಬುತ್ತಿಯ ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, ಒಳಗೆ ಹೋದ.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದರು. ಅವನು ಒಂದು ಮೇಲ್ದವಡೆಗೆ ಬಣ್ಣ ಹೊಂದಿಸುತ್ತಿದ್ದ. “ನಮ್ಮಲ್ಲೂ ಹೀಗೇ. ಯಾರೂ ದೂರು ತರ್ತಾ ಇಲ್ಲ, ಎಲ್ಲರಿಗೂ ಹಲ್ಲು ಸರಿಯಾಗಿ ಕೂತಿದೆ ಅಂತ ನಮ್ಮ ಯಜಮಾನ್ರು ಬೀಗ್ತಾರೆ. ಅರ್ಧ ಜನ ಆ ಸೆಟ್ಟನ್ನ ಕಪಾಟಲ್ಲಿಟ್ಟು ಗಂಜಿ ಕುಡೀತಿರ್ತಾರೆ” ಎಂದು ನಕ್ಕ. ಹೆಂಡತಿ ನಗದಿದ್ದುದನ್ನು ಕಂಡು ದವಡೆಯನ್ನು ಪಕ್ಕಕ್ಕಿಟ್ಟ. “ಈಗ ಏನ್ಮಾಡ್ತೀಯ?”

“ಹೇಳ್ಬೇಕು.”

“ಹೇಳಿದ್ರೆ ಆ ದೊಡ್ಡ ಕೆಲಸ?”

“ಹೋಗುತ್ತೆ.”

“ಹೇಳದೆ ಇದ್ರೆ?”

“ಎಲ್ಲ ಕಾರ್ಖಾನೇಲೂ ಕುರ್ಚಿ ದುಂಡಗೆ ಹಾಕ್ತಾರೆ.”

ಅವನು ಮತ್ತೆ ದವಡೆಯನ್ನು ಕೈಗೆತ್ತಿಕೊಂಡ. ಹೇಳಬೇಕೆಂದರೂ ಮೇಡಂ ಒಂದು ವಾರ ಹೇಳದೆ ಇದ್ದರು. ಮೈ ಹುಷಾರಿಲ್ಲವೆಂದು ಒಂದು ದಿನ ರಜೆಯನ್ನೂ ಹಾಕಿದರು. ಸತ್ಯ ಹೇಳುವುದಕ್ಕೆ ಹಿಂಜರಿದದ್ದಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು, ಇನ್ನಷ್ಟು ಖಚಿತ ಮಾಡಿಕೊಳ್ಳುತ್ತಿದ್ದೇನೆ ಅಷ್ಟೇ ಎಂದು. ಆದರೆ ಖಚಿತ ಮಾಡಿಕೊಳ್ಳುವುದು ಏನೂ ಉಳಿದಿರಲಿಲ್ಲ. ಹೊಸ ಊರಿನಲ್ಲಿ ಮನೆ ಹೇಗಿರಬಹುದು, ಬಾಗಿಲ ಮೇಲೆ ತಮ್ಮ ಹುದ್ದೆಯ ಫಲಕ ಹೇಗೆ ಕಾಣಬಹುದು ಎಂದು ಆಗಲೇ ಎಷ್ಟೋ ಸಲ ಯೋಚಿಸಿಬಿಟ್ಟಿದ್ದರು. ಅದು ಬಿಟ್ಟುಕೊಡಲು ಕಷ್ಟವಾಗಿತ್ತು.

ಮ್ಯಾನೇಜರು ಎಲ್ಲವನ್ನೂ ಕೇಳಿಸಿಕೊಂಡು, ಮೇಜಿನ ಮೇಲಿದ್ದ ಹಸಿರು ಬಾಟಲಿಯನ್ನು ಅತ್ತಿಂದಿತ್ತ ತಿರುಗಿಸಿದರು.

“ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?”

“ಗಂಡನಿಗೆ. ಚಿಕ್ಕಮ್ಮನಿಗೆ.”

“ಚಿಕ್ಕಮ್ಮ ಏನಂದ್ರು?”

“ಬಟ್ಟೆ ಕೆಡಿಸಿದ್ರೆ ಗಿರಾಕಿಗೆ ಹೇಳಿಬಿಡ್ಬೇಕು, ಅವರೇ ಮನೇಲಿ ಹಾಕ್ಕೊಂಡು ನೋಡಿದ್ರೆ ಇನ್ನೂ ಜಾಸ್ತಿ ಬೈತಾರೆ ಅಂದ್ರು.”

ಮ್ಯಾನೇಜರು ನಿಟ್ಟುಸಿರು ಬಿಟ್ಟರು. ಅವರೂ ಮುಖ್ಯ ಕಚೇರಿಯಲ್ಲಿ ಬೆನ್ನು ತಟ್ಟಿಸಿಕೊಂಡು ಬಂದವರೇ. “ಹೋಗಿ ಹೇಳಿ. ನಾನು ಪಕ್ಕದಲ್ಲೇ ಕೂತಿರ್ತೀನಿ. ಹೇಳೋವಾಗ ಮಾತ್ರ ನನ್ನ ಮುಖ ನೋಡಬೇಡಿ.”

ಮುಖ್ಯ ಕಚೇರಿಯ ಸಭಾಂಗಣದಲ್ಲಿ ಉದ್ದನೆಯ ಮೇಜು, ಸುತ್ತ ಬೇರೆ ಬೇರೆ ಕಾರ್ಖಾನೆಯ ದೊಡ್ಡವರು. ಮೇಡಂ ಎದ್ದು ನಿಂತು, ಮೊದಲು ಒಳ್ಳೆಯದಾಗಿ ಕಂಡ ಫಲವನ್ನು ತೋರಿಸಿದರು. ತಲೆಗಳು ಅಲ್ಲಾಡಿದವು. ಆಮೇಲೆ ಬಿಟ್ಟುಹೋದವರ ವಿಷಯಕ್ಕೆ ಬಂದರು. ಅವರು ಮೊದಲ ಪ್ರಶ್ನೆಪತ್ರದಲ್ಲಿ ಬೇಸರದ ಉತ್ತರಗಳನ್ನೇ ಬರೆದಿದ್ದರೆಂದು ಊಹಿಸಿ ಅವನ್ನು ಬದಿಗಿಟ್ಟು ನೋಡಿದರೆ, ಏರಿದ್ದು ಹೆಚ್ಚೇನೂ ಉಳಿಯುವುದಿಲ್ಲ ಎಂದು ತೋರಿಸಿದರು. ಖಚಿತವಾಗಿ ಎಷ್ಟು ಎಂದು ಹೇಳಲಾಗದ ಹಾಗೆ ತಾವೇ ಹೆಸರಿಲ್ಲದ ಪ್ರಶ್ನೆಪತ್ರ ಮಾಡಿದ್ದನ್ನೂ ಹೇಳಿದರು.

ಎಲ್ಲರಿಗಿಂತ ಹಿರಿಯ ಅಧಿಕಾರಿ ಕೇಳಿದರು: “ಹಾಗಾದ್ರೆ ನಿಮ್ಮ ಮೀಟಿಂಗು ಕೆಲಸ ಮಾಡಲಿಲ್ಲ ಅಂತಲಾ?”

“ಕೆಲಸ ಮಾಡ್ತು ಸಾರ್. ನಾವು ಅಂದ್ಕೊಂಡ ಕೆಲಸ ಅಲ್ಲ. ಹೆದರಿಕೊಂಡಿದ್ದವರನ್ನ ಮಾತಾಡಿಸ್ತು, ಮಾತಾಡಿದ ಮೇಲೆ ಅವರನ್ನ ಕಾಯಲಿಲ್ಲ.”

ಯಾರೋ ಕೆಮ್ಮಿದರು. ಇನ್ಯಾರೋ, “ಇದನ್ನೆಲ್ಲ ಇಲ್ಲಿ ಹೇಳೋ ಅವಶ್ಯಕತೆ ಏನಿತ್ತು?” ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದು ಮೇಡಂಗೂ ಕೇಳಿಸಿತು. ಊಟದ ಹೊತ್ತಿಗೆ ಯೋಜನೆ ಕೈಬಿಟ್ಟಾಗಿತ್ತು. ಆ ಹುದ್ದೆ ಮುಂದೆ ಬೇರೊಂದು ಕಾರ್ಖಾನೆಯವರಿಗೆ ಹೋಯಿತು. ಗೋಡೆಗಳ ಮೇಲೆ ಸೂರ್ಯೋದಯದ ಚಿತ್ರ ಹಾಕಿ, ಕೆಳಗೆ ಹುರಿದುಂಬಿಸುವ ಮಾತು ಬರೆಸುವುದರಲ್ಲಿ ಅವರದು ಎತ್ತಿದ ಕೈ. ಅದರಿಂದ ಯಾರೂ ಕೆಲಸ ಬಿಟ್ಟಂತಿಲ್ಲ.

ವಾಪಸು ಬರುವ ರೈಲಿನಲ್ಲಿ ಮ್ಯಾನೇಜರು ಕೇಳಿದರು: “ಮತ್ತೆ ಜಗಳಕ್ಕೆ ಏನ್ಮಾಡ್ತೀರಾ? ಅದಿನ್ನೂ ಹಾಗೇ ಇದೆಯಲ್ಲ.”

ಈ ಸಲ ಮೇಡಂ ಪುಸ್ತಕದಿಂದ ಶುರು ಮಾಡಲಿಲ್ಲ. ಕಂಪನಿ ಬಸ್ಸಿನಲ್ಲೇ ಹೋಗಿ ಬಂದರು. ಬಿಸಿ ಕಡೆ ಒಂದಷ್ಟು ದಿನ, ತಣ್ಣನೆ ಕಡೆ ಒಂದಷ್ಟು ದಿನ ಸುಮ್ಮನೆ ನಿಂತು ನೋಡಿದರು, ಏನೂ ಕೇಳಲಿಲ್ಲ. “ಮೇಡಂಗೆ ಗಂಟಲು ಕೆಟ್ಟಿದೆಯಂತೆ” ಎಂದು ಸುದ್ದಿಯಾಯಿತು. ಜಗಳದ ಬೇರು ಮನಸ್ಸಿನಲ್ಲಿ ಅಷ್ಟಿರಲಿಲ್ಲ, ಆ ಉದ್ದನೆಯ ಒಲೆಯಲ್ಲಿತ್ತು. ಸುದ್ದಿ ತಡವಾಗಿ ಮುಟ್ಟುತ್ತಿತ್ತು, ಮುಟ್ಟಿದಾಗ ಯಾರದೋ ಹೆಸರು ಹೊತ್ತುಕೊಂಡೇ ಮುಟ್ಟುತ್ತಿತ್ತು. ಪ್ರತಿ ಬಾಟಲಿಯ ತಳದಲ್ಲೂ ಅದರ ಅಚ್ಚಿನ ಸಂಖ್ಯೆ ಇರುತ್ತದೆ. ಹಾಗಾಗಿ ಅವರು ಬಿಸಿ ಕಡೆ ಒಂದು ಕಬ್ಬಿಣದ ಸ್ಟ್ಯಾಂಡು ಹಾಕಿಸಿದರು. ತಣ್ಣನೆಯವರು ಸರದಿಯ ಪ್ರಕಾರ ಒಬ್ಬೊಬ್ಬರು ಕೆಟ್ಟ ಬಾಟಲಿಯ ಮಾದರಿ ತಂದು ಅದರ ಸಂಖ್ಯೆಯ ಗೂಡಿನಲ್ಲಿಟ್ಟು ಹೋಗಬೇಕು. ಮಾತಾಡಲೇಬೇಕೆಂದಿಲ್ಲ. ಮಾವನ ಮಿಷನ್ನಿನ ಹತ್ತಿರ ಕೈ ಬದಲಾಯಿಸುವವರು ಟೀಗೆ ಮುಂಚೆಯೇ ಬರುವ ಹಾಗೆ ಪಾಳಿಯನ್ನೂ ತಿದ್ದಿಸಿದರು. ಮಾವ ಸ್ಟ್ಯಾಂಡನ್ನು ಮೇಲಿಂದ ಕೆಳಗೆ ನೋಡಿ, “ಇದೇನು, ಚಪ್ಪಲಿ ಇಡೋದಾ?” ಎಂದ. ಬೇಡ ಎನ್ನಲಿಲ್ಲ.

ಈ ಸಲವೂ ಮೊದಲು ಒಂದೇ ಸಾಲಿಗೆ, ಹೋಲಿಸಲು ಇನ್ನೊಂದು. ಆದರೆ ಶುರುವಿನಲ್ಲಿದ್ದ ಪ್ರತಿಯೊಬ್ಬರನ್ನೂ, ಕೆಲಸ ಬಿಟ್ಟವರನ್ನೂ ಸೇರಿಸಿ, ಕೊನೆಯವರೆಗೆ ಬಿಡದೆ ಹಿಂಬಾಲಿಸಿದರು. ಜೊತೆಗೊಂದು ಹೊಸ ಪ್ರಶ್ನೆ: ಇದರಿಂದ ನಿಮಗೇನಾದರೂ ಕೆಟ್ಟದ್ದಾಯಿತೇ? ಮದುವೆಯಾಗಿ ಹೋದವಳ ಮನೆಗೂ, ಬಿದ್ದು ಕಾಲು ಮುರಿದುಕೊಂಡವನ ಮನೆಗೂ ಹೋದರು. “ಈ ಮೇಡಂ ಸತ್ತರೂ ಬಿಡಲ್ಲ ಕಣ್ರೋ, ಗೋರಿ ಹತ್ರ ಬಂದು ಒಳಗೆ ಹೇಗನ್ಸುತ್ತೆ ಅಂತ ಕೇಳ್ತಾರೆ” ಎಂದು ಮಾವ ಹೇಳಿದ್ದು ಕ್ಯಾಂಟೀನಿನಲ್ಲಿ ತುಂಬ ದಿನ ಓಡಿತು.

ಬಂದ ಫಲ ದೊಡ್ಡದೇನಲ್ಲ. ಕೆಟ್ಟ ಬಾಟಲಿಗಳು ಸ್ವಲ್ಪ ಕಡಿಮೆಯಾದವು. ಇನ್ನೊಂದು ಕಡೆಯವರ ಮೇಲಿನ ನಂಬಿಕೆ ಇದ್ದಷ್ಟೇ ಇತ್ತು. ಸ್ಟ್ಯಾಂಡಿನ ಕಾರಣಕ್ಕೆ ಕೆಲಸ ಬಿಟ್ಟೆ ಎಂದವರು ಒಬ್ಬರೂ ಸಿಗಲಿಲ್ಲ. ಮೇಡಂ ಹಾಗೆಯೇ ಬರೆದುಕೊಟ್ಟರು.

“ಇಷ್ಟೇನಾ?” ಎಂದರು ಮ್ಯಾನೇಜರು.

“ಇಷ್ಟೇ ಸಾರ್.”

“ಸರಿ, ಎರಡನೇ ಸಾಲಿಗೂ ಒಂದು ಸ್ಟ್ಯಾಂಡು ಮಾಡಿಸಿ.”

ಮೇಡಂ ಅದೇ ಕಾರ್ಖಾನೆಯಲ್ಲಿ, ಅದೇ ಕೋಣೆಯಲ್ಲಿ ಉಳಿದರು. ಹೆಸರೂ ಅದೇ ಉಳಿಯಿತು. ಕೆಲವು ವರ್ಷಗಳ ಮೇಲೆ ಊರಿನ ಇನ್ನೊಂದು ತುದಿಯ ಬಟ್ಟೆ ಮಿಲ್ಲಿನವರು ಸ್ಟ್ಯಾಂಡಿನ ವಿಷಯ ಕೇಳಿ, ನಮಗೂ ಹಾಗೇ ಒಂದು ಮಾಡಿಕೊಡಿ ಎಂದು ಕರೆದರು. ಮೇಡಂ ಹೋಗಿ, ಹತ್ತಿಯ ಧೂಳು ಹಾರುವ ಆ ಶೆಡ್ಡುಗಳಲ್ಲಿ ದಿನವಿಡೀ ಓಡಾಡಿ, ಸಂಜೆ ಮಾಲೀಕರಿಗೆ ಹೇಳಿದರು: “ಸ್ಟ್ಯಾಂಡಿನಿಂದ ಇಲ್ಲಿ ಏನೂ ಆಗಲ್ಲ. ನಿಮ್ಮವರು ಜಗಳ ಆಡ್ತಿರೋದು ಕುಡಿಯೋ ನೀರು ಒಂದೇ ಕಡೆ ಇದೆ ಅಂತ. ಎರಡು ನಲ್ಲಿ ಹಾಕಿಸಿ ನೋಡಿ. ಒಂದು ಶೆಡ್ಡಿಗೆ ಮೊದಲು ಹಾಕ್ಸಿ, ಇನ್ನೊಂದಕ್ಕೆ ಆಮೇಲೆ.” ಮಾಲೀಕರ ಮುಖ ಸಪ್ಪಗಾಯಿತು. ಕರೆಸಿದ್ದಕ್ಕೆ ಇನ್ನೇನಾದರೂ ದೊಡ್ಡದನ್ನು ಹೇಳುತ್ತಾರೆಂದು ಅವರು ಕಾದಿದ್ದರು. ಮೇಡಂ ಟೀ ಕುಡಿದು, ಕೂದಲಿನಲ್ಲಿ ಸಿಕ್ಕಿಕೊಂಡಿದ್ದ ಹತ್ತಿಯ ಎಳೆಗಳನ್ನು ಬಿಡಿಸಿಕೊಳ್ಳುತ್ತ ಬಸ್ ನಿಲ್ದಾಣದ ಕಡೆಗೆ ನಡೆದರು.